ನಳದ ದಿನ ಹಿಡಿಯುವ ಗಾಳಿ

ಧಾರವಾಡಕ್ಕೆ ಸಮುದ್ರವಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಭಾವನವರು ಮಾತ್ರ ಇದನ್ನು ಊರಿನವರ ಅಲಕ್ಷ್ಯವೆಂದೇ ಎಣಿಸಿದ್ದರು. ಅಕ್ಕನನ್ನು ಮದುವೆಯಾದ ಮೇಲೆ ಅವರು ಈ ಊರಿನಲ್ಲಿ ಇದ್ದದ್ದಕ್ಕಿಂತ ನೀರಿನ ಮೇಲೆ ಇದ್ದದ್ದೇ ಹೆಚ್ಚು. ಹಡಗಿನ ಎಂಜಿನ್ ನೋಡಿಕೊಳ್ಳುವ ನೌಕರಿ. ವರ್ಷಕ್ಕೊಮ್ಮೆ ಬರುವರು, ಖರ್ಜೂರದ ಡಬ್ಬಿ ಕೊಡುವರು, ಸಪ್ತಾಪುರದ ಮನೆಯ ಕಟ್ಟೆಯ ಮೇಲೆ ಕೂತು ಪೇಪರು ಓದುವರು, ಹೊರಟು ಹೋಗುವರು. ಅತಿಥಿಗೆ ಸಲ್ಲುವ ಮರ್ಯಾದೆಯೆಲ್ಲ ಅವರಿಗೆ ಆ ಮನೆಯಲ್ಲಿ ಸಲ್ಲುತ್ತಿತ್ತು. ಬಚ್ಚಲದ ದೀಪದ ಬಟನ್ ಯಾವ ಗೋಡೆಗಿದೆ ಎಂಬುದಷ್ಟೇ ಗೊತ್ತಿರಲಿಲ್ಲ.

ನೌಕರಿ ಮುಗಿಸಿ ಅವರು ಕಾಯಂ ಆಗಿ ಬಂದಿಳಿದಾಗ ಟೆಂಪೋದಲ್ಲಿ ಟ್ರಂಕುಗಳ ಜೊತೆಗೆ ಒಂದು ಯಂತ್ರವೂ ಬಂದಿತು. ಗೋವೆಯಲ್ಲಿ ಯಾರೋ ಮುರಿದು ಮಾರಿದ ದೋಣಿಯೊಂದರ ಕ್ಯಾಬಿನ್ನಿನಲ್ಲಿದ್ದ ಎಸಿ. ಅದನ್ನು ಇಳಿಸುವಾಗ ನಾನು ಅಲ್ಲೇ ನಿಂತಿದ್ದೆ. ನನ್ನ ಮನೆ ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ. ನಾನು ರೈಲಿನಲ್ಲಿ ತಿಕೀಟು ನೋಡುವ ಕೆಲಸ ಮಾಡಿ ನಿವೃತ್ತನಾದವನು. ಆ ಕೆಲಸ ಮನುಷ್ಯನಿಗೆ ಕಲಿಸುವ ವೇದಾಂತ ಒಂದೇ: ತಿಕೀಟಿಲ್ಲದವನು ಎಲ್ಲರಿಗಿಂತ ನೆಟ್ಟಗೆ ಕೂತಿರುತ್ತಾನೆ, ಮತ್ತು ತಾನು ತಿನ್ನುವ ಶೇಂಗಾದಲ್ಲಿ ನಿಮಗೂ ಒಂದು ಮುಷ್ಟಿ ಕೊಡುತ್ತಾನೆ. ಹೀಗಾಗಿ ಯಾವ ವಸ್ತುವನ್ನು ಕಂಡರೂ ಮೊದಲು ನನಗೆ ಅನುಮಾನ ಬರುತ್ತದೆ, ಆಮೇಲೆ ವಸ್ತು ಕಾಣುತ್ತದೆ.

“ಯಾಕ್ರಿ ಭಾವಾ, ಅಂಗಡ್ಯಾಗ ಎಲ್ಲಾರೂ ತೊಗೊಳ್ಳೋ ಎಸಿ ನಿಮಗ ಸಾಲಲಿಲ್ಲೇನು?”

“ಅವು ಕ್ವಾಣಿ ಬಿಸೀನ ಹೊರಗಿನ ಗಾಳಿಗೆ ಉಗುಳತಾವ. ಇದು ನೀರಿಗೆ ಕೊಡ್ತದ. ಫರಕ್ ಅದ,” ಎಂದರು ಭಾವನವರು.

ಫರಕು ಇದ್ದದ್ದು ನಿಜ. ದೋಣಿಯ ಎಸಿ ಕೆಳಗಿನ ಸಮುದ್ರದಿಂದ ನೀರು ಎಳೆದು, ತನ್ನ ತಾಮ್ರದ ಸುರುಳಿಯೊಳಗೆ ಸುತ್ತಿಸಿ, ಕೋಣೆಯ ಸೆಕೆಯನ್ನು ಆ ನೀರಿಗೆ ದಾಟಿಸಿ, ಮತ್ತೆ ಸಮುದ್ರಕ್ಕೇ ಸುರಿಯುತ್ತದೆ. ಹಾಗಾದರೆ ಸಮುದ್ರವೆಲ್ಲಿ ಎಂದು ಕೇಳಿದೆ. ಭಾವನವರು ಹಿತ್ತಲಿನ ಹೌದದ ಕಡೆ ಕೈ ತೋರಿಸಿದರು.

ಹೌದ ಅಂದರೆ ಕಲ್ಲಿನಲ್ಲಿ ಕಟ್ಟಿದ, ಎದೆಮಟ್ಟದ ನೀರಿನ ತೊಟ್ಟಿ. ಅಕ್ಕನ ಮಾವನವರು ಕಟ್ಟಿಸಿದ್ದು. ವಾರಕ್ಕೊಮ್ಮೆ ನಳ ಬಂದರೆ, ಅಂದರೆ ನಲ್ಲಿಯಲ್ಲಿ ನೀರು ಬಂದರೆ, ಬಂತು ಎನ್ನುವ ನಮ್ಮ ಊರಿನಲ್ಲಿ ಹೌದ ಇದ್ದವರನ್ನು ಸ್ಥಿತಿವಂತರೆಂದೇ ತಿಳಿಯುತ್ತಾರೆ. ಇಲ್ಲಿ ಕಾಲವನ್ನು ಅಳೆಯುವುದೂ ನಳದಿಂದಲೇ. “ಎರಡು ನಳದ ಹಿಂದ ಬಂದಿದ್ಲು”, “ಮುಂದಿನ ನಳಕ್ಕ ಹಪ್ಪಳಾ ಮಾಡೋಣು” ಎಂದು ಹೆಂಗಸರು ಮಾತಾಡಿಕೊಳ್ಳುವುದನ್ನು ಯಾರೂ ವಿಚಿತ್ರವೆಂದು ತಿಳಿಯುವುದಿಲ್ಲ.

ಭಾವನವರ ಶಾಸ್ತ್ರದ ಪ್ರಕಾರ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿರಬೇಕು, ಪೈಪಿಗೆ ಎಲ್ಲೂ ಡುಬ್ಬ ಇರಬಾರದು. ಡುಬ್ಬ ಇದ್ದಲ್ಲಿ ಗಾಳಿ ಬಂದು ಕೂಡುತ್ತದೆ, ಗಾಳಿ ಕೂತರೆ ಪಂಪು ತಿರುಗುತ್ತದೆಯೇ ಹೊರತು ನೀರು ಎಳೆಯುವುದಿಲ್ಲ. ಹಾಗಾಗಿ ಹೌದದ ಬುಡಕ್ಕೆ ಒಂದು ತೂತು ಕೊರೆಯಬೇಕು ಎಂದು ಅವರು ತೀರ್ಪು ಕೊಟ್ಟರು. ಅಕ್ಕ ಅಡಿಗೆಮನೆಯಿಂದಲೇ ಮೇಲ್ಮನವಿ ಸಲ್ಲಿಸಿದಳು.

“ಮಾವನೋರು ಕಟ್ಟಿಸಿದ ಹೌದಕ್ಕ ತೂತು ಹಾಕ್ತೀರಿ? ಹಾಕ್ರಿ. ಮೊದಲ ನನಗೊಂದು ಹಾಕ್ರಿ, ಆಮ್ಯಾಲ ಅದಕ್ಕ.”

ತೂತು ಬೀಳಲಿಲ್ಲ. ಪೈಪು ಹೌದದ ದಂಡೆಯ ಮೇಲೆ ಆನೆಯ ಸೊಂಡಿಲಿನಂತೆ ಏರಿ ಇಳಿಯಿತು; ನೀರು ಹಿಂದಕ್ಕೆ ಜಾರದಂತೆ ಹೌದದೊಳಗಿನ ಅದರ ಬಾಯಿಗೆ ಒಂದು ಕವಾಟ ಇತ್ತು. ದಂಡೆಯ ಮೇಲೆ, ಸರಿಯಾಗಿ ಆ ಡುಬ್ಬದ ನೆತ್ತಿಗೆ, ಕಸ ಹಿಡಿಯುವ ಜರಡಿ ಡಬ್ಬಿ ಕೂತಿತು. ಅದಕ್ಕೆ ಪಾರದರ್ಶಕ ಮುಚ್ಚಳ, ಮುಚ್ಚಳದ ಕೆಳಗೆ ಒಂದು ರಬ್ಬರಿನ ಬಳೆ. ಮುಚ್ಚಳವನ್ನು ಬಿಗಿಯಲೆಂದೇ ಹಡಗಿನಿಂದ ಬಂದ ಒಂದು ಪಾನಾ ಇತ್ತು. ಅದನ್ನು ಭಾವನವರು ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಮೊದಲು ಯಂತ್ರದ ಹೊಟ್ಟೆ ತೊಳೆಯಬೇಕಿತ್ತು. ಕಿರಾಣಿ ಅಂಗಡಿಯಿಂದ ಲಿಂಬುಸತ್ವ ತಂದು ಬಕೀಟಿನ ನೀರಿನಲ್ಲಿ ಕರಗಿಸಿ, ಎಳೆಯುವ ಪೈಪು ಬಿಡುವ ಪೈಪು ಎರಡನ್ನೂ ಅದರಲ್ಲೇ ಮುಳುಗಿಸಿ, ಪಂಪು ಚಾಲೂ ಮಾಡಿದರು. ಅದೇ ನೀರು ಒಳಗೆ ಹೋಗಿ ಅದೇ ಬಕೀಟಿಗೆ ಬರತೊಡಗಿತು. ಮೊದಲು ನೊರೆ ಬಂತು. ಆಮೇಲೆ ಹುಣಸೆಹುಳಿಯ ಬಣ್ಣ ಬಂತು. ಆಮೇಲೆ ಸುಣ್ಣದ ಚೂರುಗಳು ಉದುರಿದವು. ನಾವಿಬ್ಬರೂ ಹೋಮದ ಮುಂದೆ ಕೂತವರ ಹಾಗೆ ಮಣೆ ಹಾಕಿಕೊಂಡು ಸಂಜೆಯವರೆಗೆ ಬಕೀಟನ್ನೇ ನೋಡಿದೆವು. ಕಡೆಗೆ ಟಣ್ ಎಂದು ಏನೋ ಬಿತ್ತು. ಭಾವನವರು ಕೈಹಾಕಿ ತೆಗೆದರು. ಉಗುರಿನಷ್ಟು ಸಣ್ಣ ಕಪ್ಪೆಚಿಪ್ಪು.

ಅದನ್ನು ಪಂಚೆಯ ತುದಿಯಿಂದ ಒರೆಸಿದರು. ಬೆಳಕಿಗೆ ಹಿಡಿದರು. ಆಮೇಲೆ ಮೂಗಿನ ಹತ್ತಿರ ಒಯ್ದು ಮೂಸಿದರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದರು.

ಚಹಾ ತಂದ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಕಪ್ಪುಗಳನ್ನು ಇಟ್ಟು ಒಂದು ಮಾತೂ ಆಡದೆ ಒಳಗೆ ಹೋದಳು. ಅಕ್ಕ ಮಾತಾಡದೆ ಒಳಗೆ ಹೋಗುವುದು ನಮ್ಮ ವಂಶದಲ್ಲಿ ಅಪರೂಪದ ಘಟನೆ.

ಬಿಡುವ ಪೈಪನ್ನು ಮೊದಲ ದಿನ ಭಾವನವರು ದೋಣಿಯ ಪದ್ಧತಿಯಂತೆ ಹೊರಗೆ ಬಿಟ್ಟಿದ್ದರು. ಹೊರಗೆ ಎಂದರೆ ಗಟಾರಕ್ಕೆ. ಎದುರು ಮನೆಯ ಕಾಕಾ ತಮ್ಮ ಗೇಟಿನಲ್ಲಿ ಪ್ರತ್ಯಕ್ಷರಾದರು.

“ಏನ್ರೀ ಇದು, ಯಾವ ನೀರು ಗಟಾರಕ್ಕ ಹೊಂಟದ?”

“ಒಳಗ ತಂಪು ಮಾಡಿ ಹೊರಗ ಬೀಳೋ ನೀರ್ರಿ ಕಾಕಾ,” ಎಂದೆ.

“ನಳ ಹೋಗಿ ಐದು ದಿನಾತು. ನಮ್ಮ ಹೊಟ್ಟಿಗೆ ಬೆಂಕಿ ಹಚ್ಚಿ ನಿಮ್ಮ ಕ್ವಾಣಿ ತಂಪು ಮಾಡ್ತೀರೇನು?”

ಸಂಜೆಯೊಳಗೆ ಪೈಪು ತಿರುಗಿ ಹೌದದ ಇನ್ನೊಂದು ಮೂಲೆಗೆ ಬಂತು. ಬಿಸಿ ನೀರು ಎತ್ತರದಿಂದ ಸಣ್ಣ ಧಾರೆಯಾಗಿ ಬಿದ್ದು, ಆರಿ, ಮತ್ತೆ ಸಮುದ್ರವಾಗುತ್ತಿತ್ತು. ಆ ಧಾರೆಯೇ ಯಂತ್ರದ ನಾಡಿ. ಬಟನ್ ಒತ್ತಿದಾಗ ಧಾರೆ ಬಿದ್ದರೆ ಎಲ್ಲ ಕ್ಷೇಮ. ಬೀಳದಿದ್ದರೆ ಗಾಳಿ ಹಿಡಿದಿದೆ ಎಂದು ಅರ್ಥ.

ಆಗ ಗಾಳಿ ಬಿಡಿಸಬೇಕು. ಅದು ಹೀಗೆ: ಜರಡಿ ಡಬ್ಬಿಯ ಮುಚ್ಚಳ ತೆಗೆದು, ತಂಬಿಗೆಯಿಂದ ನಿಧಾನವಾಗಿ ನೀರು ಹಾಕುತ್ತ ಹೋಗುವುದು. ಪೈಪಿನೊಳಗಿಂದ ಗುಳುಗುಳು ಎಂದು ಗುಳ್ಳೆಗಳು ಬರುತ್ತವೆ. ಅವು ನಿಲ್ಲುವ ತನಕ ಹಾಕಬೇಕು. ತುಂಬಿದ ಮೇಲೆ ಮುಚ್ಚಳ ಹಾಕಿ, ಪಂಪಿನ ಮುಂದಿನ ಪೈಪನ್ನು ಸ್ವಲ್ಪ ಸಡಿಲಿಸಿ, ಉಳಿದ ಗಾಳಿ ಉಸ್ಸೆಂದು ಹೋಗಿ ನೀರು ಚಿಮ್ಮಿದ ಮೇಲೆ ಬಿಗಿದು, ಬಟನ್ ಒತ್ತುವುದು. ಭಾವನವರು ಇದನ್ನು ಸ್ನಾನ ಮಾಡಿಯೇ ಮಾಡುತ್ತಿದ್ದರು. ಅವರ ಪಾಲಿಗೆ ಅದು ರುದ್ರಾಭಿಷೇಕಕ್ಕಿಂತ ಕಡಿಮೆಯಾದದ್ದಾಗಿರಲಿಲ್ಲ.

“ಗಾಳಿ ಹಿಡದದ” ಎಂಬ ಅವರ ಮಾತನ್ನು ಕೇಳಿ ಭಾಂಡೆ ತಿಕ್ಕಲು ಬರುವ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವಳು, ಪಾತ್ರೆ ಕೆಳಗಿಟ್ಟಳು.

“ಗಾಳಿ ಹಿಡದೈತಂದ್ರ ಸುಮ್ನ ಬಿಡಬಾರದ್ರಿ ಯಪ್ಪಾ. ಲಿಂಬಿಹಣ್ಣು ನಿವಾಳಿಸಿ ಮೂರು ಹಾದಿ ಕೂಡೋ ಕಡೆ ಒಗೀಬೇಕು.”

“ಲಿಂಬಿ ಹೊಟ್ಟ್ಯಾಗ ಹಾಕೇವಿ. ಇನ್ನ ಹೊರಗ ಬ್ಯಾಡ,” ಎಂದರು ಭಾವನವರು ಗಂಭೀರವಾಗಿ.

ಇಷ್ಟಕ್ಕೇ ನಿಂತಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ಒಂದು ಸಂಜೆ ಪಣಜಿಯಿಂದ ಫೋನು ಬಂತು. ಪ್ರವಾಸಿಗಳನ್ನು ತಿರುಗಿಸುವ ದೋಣಿಯವರು ಯಾರೋ. ಎಂಜಿನ್ ಬಲ್ಲ ಹಿರಿಯರೊಬ್ಬರು ಬೇಕು, ಮಳೆಗಾಲ ಬಿಟ್ಟು ಉಳಿದೆಲ್ಲ ತಿಂಗಳು ಅಲ್ಲೇ ಇರಬೇಕು, ಕೋಣೆ ಊಟ ಅವರದೇ. ಭಾವನವರು ನಮ್ಮಿಬ್ಬರ ಮುಂದೆ ಇದನ್ನು ಹೇಳಿದರು. ಅಕ್ಕ ಅವಲಕ್ಕಿ ಹಚ್ಚುತ್ತಿದ್ದಳು.

“ಏನಂತೀ?” ಎಂದು ಅವರು ಅಕ್ಕನನ್ನು ಕೇಳಿದರು.

“ನಿಮ್ಮಿಷ್ಟ.”

ಮದುವೆಯಾದ ಯಾವ ಗಂಡಸಿಗೂ ಈ ಪದದ ತೂಕ ಹೇಳಿಕೊಡಬೇಕಾಗಿಲ್ಲ. ಭಾವನವರು ಗಂಟಲು ಸರಿಮಾಡಿಕೊಂಡರು.

“ಹಂಗಲ್ಲ, ಕೈ ಹಚ್ಚಿದ ಕೆಲಸಾ ಅರ್ಧಾ ಬಿಟ್ಟು ಹೋಗಬಾರ್ದು. ಈ ಮಷೀನು ಒಂದು ನಳದಿಂದ ಇನ್ನೊಂದು ನಳದ ತನಕಾ ಗಾಳಿ ಹಿಡೀದಽ ಓಡ್ಲಿ. ಅವತ್ತ ಅವರಿಗೆ ಮಾತು ಕೊಡ್ತೀನಿ.”

ಅಕ್ಕ ತಟ್ಟೆಗಳನ್ನು ಮುಂದಿಟ್ಟಳು. ಪಣಜಿಯವರು ಕಾಯಲು ಒಪ್ಪಿದರು.

ಅಂದಿನಿಂದ ಯಂತ್ರ ತನ್ನ ಚರಿತ್ರೆಯನ್ನು ಆರಂಭಿಸಿತು. ನಳ ಬಂದು ಹೋಗುತ್ತಿತ್ತು. ಭಾವನವರು ಅಭಿಷೇಕ ಮಾಡಿ ಗಾಳಿ ಬಿಡಿಸುತ್ತಿದ್ದರು. ಧಾರೆ ಬೀಳುತ್ತಿತ್ತು. ಸೋಮವಾರ ಬೀಳುತ್ತಿತ್ತು, ಗುರುವಾರ ಬೀಳುತ್ತಿತ್ತು, ಕೋಣೆ ಮೂಲಂಗಿ ಇಟ್ಟರೆ ಬಾಡದಷ್ಟು ತಂಪಾಗಿರುತ್ತಿತ್ತು. ಮತ್ತೆ ನಳ ಬಂದ ದಿನ ಮಧ್ಯಾಹ್ನ ಬಟನ್ ಒತ್ತಿದರೆ ಧಾರೆ ಇಲ್ಲ. ದಡಕ್ಕೆ ಬಂದು ಮುಳುಗುವುದು ಎಂದರೆ ಇದೇ. ಹೀಗೆ ಒಂದಲ್ಲ, ಹಲವು ನಳ.

“ಹೊಸಾ ನೀರು ಬೀಳೋವಾಗ ಗಾಳಿ ಬೆರೀತದ,” ಎಂದು ಭಾವನವರು ನಿರ್ಣಯಿಸಿದರು. ನಾನು ಒಪ್ಪಲಿಲ್ಲ. ನಳದ ದಿನ ಹಳೇ ನೀರು ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬುವುದು ನಮ್ಮ ಊರಿನ ಆಚಾರ. ಆದರೆ ಪೈಪಿನ ಬಾಯಿ ಬಯಲಾಗಬಾರದೆಂದು ಭಾವನವರು ಹೌದದ ಒಳಗೋಡೆಗೆ ಬಣ್ಣದ ಗೆರೆ ಎಳೆದಿದ್ದರು. ಅಕ್ಕ ಆ ಗೆರೆಯ ಕೆಳಗೆ ಒಂದು ತಂಬಿಗೆಯನ್ನೂ ಎಂದೂ ಮೊಗೆದವಳಲ್ಲ. ಹಾಗಾದರೆ ಗಾಳಿ ತಾನಾಗಿ ಬಂದದ್ದಲ್ಲ, ಯಾರೋ ಕರೆತಂದಿದ್ದಾರೆ. ವಾರವೆಲ್ಲ ಸುಮ್ಮನಿದ್ದು ನಿಗದಿಯಾದ ದಿನವೇ ಬರುವ ಗಾಳಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಹಾಗೆ ಬರುತ್ತಿದ್ದವರು ಸೀಸನ್ ಪಾಸಿನವರು ಮಾತ್ರ.

ವಿಚಾರಣೆ ಶುರುವಾಯಿತು. ಮೊದಲ ಆರೋಪಿ ಎದುರು ಮನೆಯ ಕಾಕಾ. ಉದ್ದೇಶ ಪ್ರಬಲವಾಗಿತ್ತು. ಆದರೆ ಅವರ ಮೊಣಕಾಲು ಕಾಂಪೌಂಡು ಹತ್ತುವ ಸ್ಥಿತಿಯಲ್ಲಿರಲಿಲ್ಲ; ಸ್ವಂತ ಮನೆಯ ಪಾವಟಿಗೆ ಹತ್ತಲೂ ಅವರು ದೇವರ ನೆರವು ಕೇಳುತ್ತಿದ್ದರು. ಎರಡನೆಯ ಆರೋಪಿ ಸ್ವತಃ ಭಾವನವರು. ಕೆಲಸವಿಲ್ಲದ ಎಂಜಿನಿಯರು ಕೆಲಸ ಹುಟ್ಟಿಸಿಕೊಳ್ಳುವುದು ಅಸಂಭವವಲ್ಲ. ಅವರ ಮೇಲೆ ಒಂದು ವಿಶೇಷ ಸಂಶಯವೂ ಇತ್ತು. ಅಷ್ಟು ದೂರದಿಂದ ತಂದ ಪಾನಾವನ್ನು ಅವರು ಮೊಳೆಯಿಂದ ತೆಗೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಮುಚ್ಚಳವನ್ನು ಯಾವಾಗಲೂ ಕೈಯಿಂದಲೇ ತಿರುವುತ್ತಿದ್ದರು. ಆದರೆ ನಳದ ದಿನ ಮಧ್ಯಾಹ್ನ ಅವರು ಊಟ ಮುಗಿಸಿ ತಮ್ಮ ತಂಪು ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು, ಮತ್ತು ಅಂಥ ಗೊರಕೆಯನ್ನು ನಟಿಸಲು ಸಾಧ್ಯವಿಲ್ಲ.

ಆಗ ಸಾಕ್ಷ್ಯ ಸಿಕ್ಕಿತು. ಧಾರೆ ನಿಂತ ಒಂದು ಮಧ್ಯಾಹ್ನ, ಮುಚ್ಚಳದ ಅಂಚಿನಲ್ಲಿ ಹಳದಿ ಹೆಬ್ಬೆಟ್ಟಿನ ಗುರುತು. ಅರಿಷಿಣ. ನಾನು ನೆಟ್ಟಗೆ ಭಾಂಡೆ ತಿಕ್ಕುವ ಬಾಯಿಯ ಹತ್ತಿರ ಹೋದೆ.

“ಬಾಯೀ, ಹೌದದ ಮ್ಯಾಲಿನ ಡಬ್ಬಿ ಮುಟ್ಟೀಯೇನು?”

“ನಾ ಯಾಕ ಮುಟ್ಟಲ್ರಿ? ಗಾಳಿ ಹಿಡದದ್ದು ಅದಕ್ಕ, ನನಗಲ್ಲ.”

“ಮುಚ್ಚಳಕ್ಕ ಅರಿಷಿಣದ ಕೈ ಆಗೇದ.”

ಅವಳು ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದಳು. “ನೋಡ್ರಿ, ಛಲೋತ್ನಾಗಿ ನೋಡ್ರಿ. ಇದು ಭಾಂಡೆ ಪುಡಿ. ಅರಿಷಿಣ ಇರೋದು ಅಡಗಿಮನ್ಯಾಗ. ಅಲ್ಲಿ ಯಾರ ಇರ್ತಾರ ಅಂತ ನಾ ಹೇಳಬೇಕೇನ್ರಿ ನಿಮಗ? ರೈಲ್ವಾಗ ಹೆಂಗ ನೌಕರಿ ಮಾಡಿದ್ರಿ ಯಪ್ಪಾ!”

ಹೇಗೆ ಮಾಡಿದೆನೆಂದರೆ, ಮನೆಯವರ ತಿಕೀಟು ಕೇಳದೆ ಮಾಡಿದೆ. ಅವರಿಗೆ ಪಾಸಿರುತ್ತದೆ ಎಂದು ನಮ್ಮ ಇಲಾಖೆಯವರೆಲ್ಲ ತಿಳಿಯುತ್ತೇವೆ.

ಮುಂದಿನ ನಳದ ದಿನ ಊಟವಾದ ಮೇಲೆ ಅಕ್ಕನ ಮನೆಗೆ ಹೋದೆ. ಕಾಲು ತೊಳೆಯುತ್ತೇನೆಂದು ಹೇಳಿ ಬಚ್ಚಲ ಹೊಕ್ಕು ಚಿಲಕ ಹಾಕಿಕೊಂಡೆ. ಬಚ್ಚಲದ ಸಣ್ಣ ಕಿಟಕಿಯಿಂದ ಹೌದ ಕಾಣುತ್ತದೆ. ತಿಕೀಟಿಲ್ಲದೆ ರೈಲಿನ ಸಂಡಾಸದಲ್ಲಿ ಅಡಗಿದವರ ಬಾಗಿಲನ್ನು ಜೀವನವಿಡೀ ತಟ್ಟಿದವನು ನಾನು. ಒಳಗಿನವರಿಗೆ ಹೇಗನಿಸುತ್ತದೆ ಎಂಬುದು ಅಂದು ತಿಳಿಯಿತು. ಸೆಕೆ ಬಹಳ.

ಅಕ್ಕ ನಳಕ್ಕೆ ಪೈಪು ಹಚ್ಚಿ ಹೌದ ತುಂಬಿದಳು. ತುಳಸಿಗೆ ನೀರು ಹಾಕಿದಳು. ಕೋಣೆಯ ಕಡೆ ಕಿವಿಗೊಟ್ಟಳು, ಗೊರಕೆ ನಡೆದಿತ್ತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಸೆರಗಿನಿಂದ ಕೈ ಒರೆಸಿಕೊಂಡು, ಉಪ್ಪಿನಕಾಯಿ ಭರಣಿ ತೆಗೆಯುವಷ್ಟು ಸಹಜವಾಗಿ ಜರಡಿ ಡಬ್ಬಿಯ ಮುಚ್ಚಳ ತಿರುವಿದಳು. ಸುಸ್ ಎಂದಿತು. ಮತ್ತೆ ಮುಚ್ಚಿದಳು. ಪೂರ್ತಿ ಮುಚ್ಚಲಿಲ್ಲ. ಕಡೆಯ ಒಂದು ಸುತ್ತು ಉಳಿಸಿದಳು.

ನಾನು ಬಚ್ಚಲದೊಳಗೇ ಒಮ್ಮೆ ಕೆಮ್ಮಿದೆ. ಅಕ್ಕ ಬೆಚ್ಚಲಿಲ್ಲ.

“ಹೊರಗ ಬಾ ತಮ್ಮಾ. ಒಳಗ ನಿಂತು ಏನು ಜಪಾ ಮಾಡ್ಲಿಕತ್ತೀ?”

ಹೊರಗೆ ಬಂದೆ. “ಅಕ್ಕಾ, ಇದು ನೀನಽ ಏನು?”

“ಮೆಲ್ಲಕ ಮಾತಾಡು. ಮಲಗ್ಯಾರ.”

“ನಿಮ್ಮಿಷ್ಟ ಅಂದಿದ್ದಿ. ಬ್ಯಾಡ ಅಂತ ಬಾಯಿಬಿಟ್ಟು ಹೇಳಬಾರದೇನು?”

ಅಕ್ಕ ಕಲ್ಲಿನಿಂದ ಇಳಿದು ಅದರ ಮೇಲೇ ಕೂತಳು.

“ಹೇಳಿದ್ರ ಇರ್ತಾರ, ಇರೋದಿಲ್ಲಂತಲ್ಲ. ಆದ್ರ ನಾ ಬ್ಯಾಡ ಅಂದದ್ದಕ್ಕ ಉಳಿದೀನಿ ಅಂತ ದಿನಾ ಪೇಪರ್ ಹಿಂದಿಂದ ಒಂದು ಮಾರಿ ಮಾಡ್ತಾರ. ಆ ಮಾರಿ ನಾ ನೋಡಲಾರೆ. ಬ್ಯಾಡ ಅನ್ನೋದನ್ನ ಮಷೀನ್ ಅನ್ಲಿ.”

ಗೊರಕೆ ಇನ್ನೂ ನಡೆದಿತ್ತು. ಅಕ್ಕ ಮುಂದುವರಿಸಿದಳು.

“ಮದಲೆಲ್ಲಾ ಹೋದ್ರು, ನಾ ತಡದೇನೇನು? ಈಗ ಮುಂಜಾನೆ ಎದ್ದು ಹಿತ್ತಲಕ್ಕ ಬರ್ತಾರ. ಚಾ ಇಲ್ಲೇ ಕೊಡು ಅಂತಾರ. ಮೊನ್ನೆ ತಾವಽ ಕೊತ್ತಂಬ್ರಿ ಸೋಸಿಕೊಟ್ರು, ಬೇರು ಇಟ್ಟು ಎಲಿ ಒಗದು. ಬೈದೆ. ಬೈಸ್ಕೊಂಡು ನಕ್ಕರು. ಇಷ್ಟು ವರ್ಷದಾಗ ಅವರ್ನ ಬೈಲಿಕ್ಕೆ ನನಗ ಪುರಸೊತ್ತಽ ಸಿಕ್ಕಿದ್ದಿಲ್ಲ, ಗೊತ್ತದ ಏನು? ಬೈಬೇಕು ಅನ್ನೋದ್ರಾಗ ರಜಾ ಮುಗೀತಿತ್ತು.”

ಒಳಗೆ ಹೋಗಿ ಒಂದು ತಟ್ಟೆ ಅವಲಕ್ಕಿ ತಂದು ನನ್ನ ಕೈಗೆ ಕೊಟ್ಟಳು. “ನೀ ಹೇಳಾಂವೇನು ಅವರಿಗೆ?”

ಅವಲಕ್ಕಿಯಲ್ಲಿ ಶೇಂಗಾ ಎಂದಿಗಿಂತ ಬಹಳ ಇತ್ತು. ನನ್ನ ವೇದಾಂತ ನನಗೆ ನೆನಪಿತ್ತು. ಆದರೂ ತಿಂದೆ.

ನಾನು ಹೇಳಲಿಲ್ಲ. ಹೇಳುವ ಸಂದರ್ಭವೂ ಬೇಗನೆ ಮುಗಿಯಿತು. ಅದೇ ವಾರ ಪಣಜಿಯವರು, ಇನ್ನು ಕಾಯುವುದು ಆಗದು, ಮುಂದಿನ ನಳದೊಳಗೆ ಹೌದು ಅಥವಾ ಇಲ್ಲ ಎನ್ನಿ ಎಂದರಂತೆ. ಅವರ ಬಾಯಲ್ಲಿ ಅದು ಮುಂದಿನ ವಾರ ಎಂದಿದ್ದೀತು. ಭಾವನವರು ನಮ್ಮ ಮಾನಕ್ಕೆ ಪರಿವರ್ತಿಸಿಕೊಂಡಿದ್ದರು.

ಆ ಸಲ ಅವರು ಗಾಳಿ ಬಿಡಿಸಿದ ರೀತಿ ಬೇರೆಯಾಗಿತ್ತು. ಸಾವಕಾಶವಾಗಿ, ತಂಬಿಗೆಯ ಮೇಲೆ ತಂಬಿಗೆ. ಕಡೆಯ ಗುಳ್ಳೆ ಒಡೆಯುವ ತನಕ ಬಾಗಿ ನೋಡಿದರು. ಅಕ್ಕ ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಭಾವನವರು ಮುಚ್ಚಳವನ್ನು ನನ್ನ ಕೈಗಿತ್ತು, “ಹಾಕು ಇದನ್ನ. ನನ್ನ ಕೈ ಒದ್ದಿ ಅದ,” ಎಂದರು.

ನಾನು ಇಕ್ಕಟ್ಟಿಗೆ ಸಿಕ್ಕಿದೆ. ಬಿಗಿದರೆ ಅಕ್ಕನಿಗೆ ದ್ರೋಹ, ಸಡಿಲ ಬಿಟ್ಟರೆ ಯಂತ್ರಶಾಸ್ತ್ರಕ್ಕೆ. ನ್ಯಾಯನಿಷ್ಠೆ ತೋರಿಸಲೆಂದು ಗೋಡೆಯ ಮೊಳೆಯಲ್ಲಿದ್ದ ಪಾನಾಕ್ಕೆ ಕೈಚಾಚಿದೆ.

“ಪಾನಾ ಬ್ಯಾಡ,” ಎಂದರು ಭಾವನವರು. “ಕೈಲೆ ಮಾಡು, ಸಾಕು.”

“ಸಡ್ಲ ಆದ್ರ ಒಳಗ ಗಾಳಿ ಹೋಗ್ತದಲ್ರಿ ಭಾವಾ?”

“ಹೋಗ್ತದ,” ಎಂದರು. ಮುಚ್ಚಳದ ಅಂಚಿನಲ್ಲಿ ಹಳದಿ ಕಲೆ ಹಾಗೇ ಇತ್ತು. ಅದನ್ನು ಪಂಚೆಯ ತುದಿಯಿಂದ ಒರೆಸಿದರು. ಆ ಕಲೆ ಎಲ್ಲಿರುತ್ತದೆ ಎಂದು ಹುಡುಕಲಿಲ್ಲ. ದಿನಾ ಕನ್ನಡಕ ಒರೆಸುವವರ ಹಾಗೆ ಒರೆಸಿದರು.

ನಾನು ಮುಚ್ಚಳ ಹಾಕಿದೆ. ಎಷ್ಟು ಸುತ್ತು ತಿರುವಿದೆ ಎಂಬುದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ. ಬಟನ್ ಒತ್ತಿದರು, ಧಾರೆ ಬಿತ್ತು. ನಳ ಬರುವ ದಿನದ ಮಧ್ಯಾಹ್ನ ನಿಂತಿತು.

ಸಂಜೆ ಫೋನು ಬಂತು. ಭಾವನವರು ಕಟ್ಟೆಯ ಮೇಲೆ ಕೂತು ಹಿಂದಿಯಲ್ಲಿ ಮಾತಾಡಿದರು. ಇಲ್ಲೊಂದು ಯಂತ್ರವಿದೆ, ಹಳೆಯದು, ಗಾಳಿ ಹಿಡಿಯುತ್ತದೆ, ಬಿಟ್ಟು ಬರುವ ಹಾಗಿಲ್ಲ, ನೀವು ಬೇರೆಯವರನ್ನು ನೋಡಿಕೊಳ್ಳಿ ಎಂದರು. ಅವರ ಮುಖವನ್ನು ಪರೀಕ್ಷಿಸಲೆಂದೇ ನಾನು ಎದುರಿಗೆ ಕೂತಿದ್ದೆ. ಏನೂ ಸಿಗಲಿಲ್ಲ. ಅವರು ಬಹಳ ನೆಟ್ಟಗೆ ಕೂತಿದ್ದರು.

ಅಕ್ಕ ಇಬ್ಬರಿಗೂ ಅವಲಕ್ಕಿ ತಂದಳು. ಭಾವನವರು ಫೋನು ಬದಿಗಿಟ್ಟು, ತಮ್ಮ ತಟ್ಟೆಯಿಂದ ಶೇಂಗಾ ಆರಿಸಿ, ಒಂದು ಮುಷ್ಟಿ ನನ್ನ ತಟ್ಟೆಗೆ ಹಾಕಿದರು.